ಬೆಕ್ಕಿನ ನಾಲಗೆಗೆ ಎಟುಕದ ಕೂದಲು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಗಾಗಲಿ, ರಾಣೆಬೆನ್ನೂರಿನ ಕಾಳುಕಡಿ ಅಂಗಡಿಗಳ ಸಾಲಿಗಾಗಲಿ, ಹಾವೇರಿಯ ಹಳೆಯ ಓಣಿಗಳಿಗಾಗಲಿ ಬೆಕ್ಕು ಹೊಸ ಪ್ರಾಣಿಯಲ್ಲ. ಚೀಲದ ನಿಟ್ಟಿನ ಮೇಲೆ ಮುದುಡಿ ಮಲಗಿರುವ ಬೂದು ಬಣ್ಣದ ಬೆಕ್ಕನ್ನು ಈ ಊರುಗಳಲ್ಲಿ ನೋಡದವರಿಲ್ಲ. ಅದನ್ನು ದುಡ್ಡು ಕೊಟ್ಟು ತಂದವರಿಲ್ಲ. ಅದರ ಮೈ ತೊಳೆದವರಿಲ್ಲ, ತಲೆ ಬಾಚಿದವರಂತೂ ಇಲ್ಲವೇ ಇಲ್ಲ. ಆದರೂ ಅದರ ಮೈ ಸದಾ ನುಣುಪು. ಇಲಿ ಹಿಡಿಯುತ್ತದೆ, ಸಿಕ್ಕರೆ ಒಂದು ಬಟ್ಟಲು ಹಾಲು ಕುಡಿಯುತ್ತದೆ, ತನ್ನ ಪಾಡಿಗೆ ತಾನಿರುತ್ತದೆ.

ಈಚಿನ ವರ್ಷಗಳಲ್ಲಿ ನಮ್ಮ ಪೇಟೆಗಳ ಮನೆಗಳಿಗೆ ಇನ್ನೊಂದು ಬಗೆಯ ಬೆಕ್ಕು ಬರತೊಡಗಿದೆ. ಮೈತುಂಬ ಬೆರಳುದ್ದದ ಕೂದಲು, ಕತ್ತಿನ ಸುತ್ತ ಸಿಂಹದ ಕೇಸರದಂತಹ ಪಟ್ಟಿ, ಚಾಮರದಂತಹ ಬಾಲ. ಮೇನ್ ಕೂನ್ ಎಂಬ ತಳಿಯ ಗಂಡು ಬೆಕ್ಕು 6ರಿಂದ 8 ಕಿಲೋ ತೂಗುವುದು ಸಾಮಾನ್ಯ. ನಮ್ಮ ಓಣಿಯ ಬೆಕ್ಕಿನ ಎರಡರಷ್ಟು. ಪರ್ಷಿಯನ್ ಎಂಬುದು ಅಷ್ಟು ದೊಡ್ಡದಲ್ಲದಿದ್ದರೂ ಕೂದಲಿನ ದಟ್ಟಣೆಯಲ್ಲಿ ಅದನ್ನೂ ಮೀರಿಸುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತರುವ ಈ ಅತಿಥಿ ಮಂಚದ ಮೇಲೆ ಮಲಗುತ್ತದೆ, ಕಿಟಕಿಯಿಂದ ಬೀದಿ ನೋಡುತ್ತದೆ. ಬಂದು ಹೋಗುವವರೆಲ್ಲ ಒಮ್ಮೆ ಅದರ ಬೆನ್ನ ಮೇಲೆ ಕೈಯಾಡಿಸದೆ ಬಿಡುವುದಿಲ್ಲ.

ಈ ಉದ್ದ ಕೂದಲು ಎಲ್ಲಿಂದ ಬಂತು? ಬಿಸಿಲ ನಾಡಿನ ನಮ್ಮ ಬೆಕ್ಕುಗಳಿಗೆ ಏಕಿಲ್ಲ? ಎಲ್ಲಕ್ಕಿಂತ ಮುಖ್ಯವಾಗಿ, ಆ ಕೂದಲನ್ನು ನೋಡಿಕೊಳ್ಳಬೇಕಾದವರು ಯಾರು? ಈ ಪ್ರಶ್ನೆಗಳ ಬೆನ್ನು ಹತ್ತಿದರೆ ದಾರಿ ಇರಾನ್, ಗೋವಾ, ಕಾಬೂಲ್, ಲಂಡನ್‌ಗಳನ್ನು ಸುತ್ತುತ್ತದೆ. ಕುತೂಹಲದ ಸಂಗತಿಯೆಂದರೆ, ನಡುವೆ ಅದು ನಮ್ಮ ಪಕ್ಕದ ಜಿಲ್ಲೆಯ ಇಕ್ಕೇರಿಯನ್ನೂ ಹಾಯ್ದು ಹೋಗುತ್ತದೆ.

ಕಾಳಿನ ರಾಶಿಯ ಬಳಿ ಆದ ಕರಾರು

ಮನುಷ್ಯ ನಾಯಿಯನ್ನು ಪಳಗಿಸಿದ, ಎತ್ತನ್ನು ಪಳಗಿಸಿದ. ಬೆಕ್ಕಿನ ವಿಷಯದಲ್ಲಿ ಹಾಗೆ ಹೇಳುವುದು ಕಷ್ಟ. ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಬೇಸಾಯ ಆರಂಭವಾಗಿ ಕಾಳು ಕೂಡಿಡುವ ಪದ್ಧತಿ ಬಂದಾಗ ಇಲಿಗಳು ಬಂದವು. ಇಲಿಗಳ ಹಿಂದೆ ಬೆಕ್ಕು ಬಂತು. ನಮ್ಮ ಸಾಕುಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕದ ಒಂದು ಕಾಡುಬೆಕ್ಕಿನ ಸಂತತಿ ಎಂಬುದು ವಂಶವಾಹಿಗಳ ಅಧ್ಯಯನದಿಂದ 2007ರಲ್ಲಿ ದೃಢಪಟ್ಟಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಲಾದ ಬೆಕ್ಕಿನ ಅಸ್ಥಿಪಂಜರ ದೊರೆತುದನ್ನು ಸಂಶೋಧಕರು 2004ರಲ್ಲಿ ಪ್ರಕಟಿಸಿದರು.

ಭಾರತ ಉಪಖಂಡದಲ್ಲೂ ಬೆಕ್ಕಿನ ಹೆಜ್ಜೆ ಹಳೆಯದು. ಸಿಂಧ್ ಪ್ರಾಂತದ ಚನ್ಹುದಾರೋ ಎಂಬಲ್ಲಿ 1935–36ರಲ್ಲಿ ನಡೆದ ಉತ್ಖನನದಲ್ಲಿ ಒಂದು ಇಟ್ಟಿಗೆ ಸಿಕ್ಕಿತು. ಸುಡುವ ಮುನ್ನ ಹಸಿಯಾಗಿ ಒಣಗಲು ಇಟ್ಟಿದ್ದಾಗ ಅದರ ಮೇಲೆ ಬೆಕ್ಕು ಓಡಿದೆ, ನಾಯಿಯೂ ಓಡಿದೆ. ಎರಡರ ಹೆಜ್ಜೆಗಳೂ ಮೂಡಿವೆ. ತಮಿಳುನಾಡಿನ ಮಾಮಲ್ಲಪುರದಲ್ಲಿ 7ನೆಯ ಶತಮಾನದ ದೊಡ್ಡ ಬಂಡೆಯ ಕೆತ್ತನೆಯಲ್ಲಿ ಮುಂಗಾಲೆತ್ತಿ ತಪಸ್ಸು ಮಾಡುವ ಬೆಕ್ಕೊಂದಿದೆ. ಅದರ ಸುತ್ತ ಇಲಿಗಳಿವೆ. ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲಿ ಮಂಗಮ್ಮ ದೇವಿಯನ್ನು ಬೆಕ್ಕಿನ ರೂಪದಲ್ಲಿ ಪೂಜಿಸುತ್ತಾರೆ. ಊರವರು ಬೆಕ್ಕಿಗೆ ನೋವು ಮಾಡುವುದಿಲ್ಲ.

ಇಡೀ ಈ ಚರಿತ್ರೆಯಲ್ಲಿ ಬೆಕ್ಕಿಗೂ ಮನುಷ್ಯನಿಗೂ ಒಂದು ಬಾಯಿಮಾತಿನ ಕರಾರು ಇತ್ತೆನ್ನಬಹುದು. ಮನುಷ್ಯ ನೆರಳು ಕೊಡಬೇಕು, ಉಳಿದುದನ್ನು ಬೆಕ್ಕು ನೋಡಿಕೊಳ್ಳುತ್ತದೆ. ನಮ್ಮ ಕಡೆ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದ ಕಾಲದಲ್ಲೂ, ಇಂದು ಮೆಕ್ಕೆಜೋಳದ ಚೀಲಗಳನ್ನು ಗೋದಾಮಿನಲ್ಲಿ ಒಟ್ಟುವ ಕಾಲದಲ್ಲೂ ಆ ಕರಾರು ಬದಲಾಗಿಲ್ಲ. ಬೆಕ್ಕಿನ ಊಟದ ಹೆಚ್ಚಿನ ಪಾಲು ಅದೇ ಹಿಡಿದದ್ದು. ಅದರ ಸ್ನಾನ ಅದರ ನಾಲಗೆಯದು. ಉದ್ದ ಕೂದಲಿನ ಬೆಕ್ಕು ಬಂದ ಮೇಲೆ ಮುರಿದುಬಿದ್ದದ್ದು ಈ ಕರಾರೇ.

ಇಕ್ಕೇರಿಗೆ ಬಂದ ರೋಮ್ ನಗರದ ಪ್ರವಾಸಿ

ಉದ್ದ ಕೂದಲಿನ ಬೆಕ್ಕುಗಳ ಬಗ್ಗೆ ವಿವರವಾಗಿ ಬರೆದ ಮೊದಲ ಯೂರೋಪಿಯನ್ನರಲ್ಲಿ ಒಬ್ಬ ರೋಮ್‌ನ ಪಿಯೆತ್ರೋ ದೆಲ್ಲಾ ವಾಲ್ಲೆ. ಶ್ರೀಮಂತ ಮನೆತನದವನು. 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿದವನು ತುರ್ಕಿ, ಈಜಿಪ್ಟ್, ಜೆರುಸಲೇಂಗಳನ್ನು ಕಂಡು ಬಾಗ್ದಾದಿಗೆ ಬಂದ. ಅಲ್ಲಿ ಮಾನಿ ಎಂಬ ಯುವತಿಯನ್ನು ಮದುವೆಯಾದ. ಬಳಿಕ ಪರ್ಷಿಯಾದ, ಎಂದರೆ ಇಂದಿನ ಇರಾನಿನ, ರಾಜಧಾನಿಯಾಗಿದ್ದ ಇಸ್ಫಹಾನಿನಲ್ಲಿ ನೆಲೆಸಿದ. ತಾನು ಕಂಡದ್ದನ್ನೆಲ್ಲ ನೇಪಲ್ಸ್‌ನ ವೈದ್ಯ ಮಿತ್ರನಿಗೆ ದೀರ್ಘ ಪತ್ರಗಳಲ್ಲಿ ಬರೆಯುತ್ತಿದ್ದ.

1620ರ ಅಂತಹ ಒಂದು ಪತ್ರದಲ್ಲಿ ಖೊರಾಸಾನ್ ಪ್ರಾಂತದ ಬೆಕ್ಕುಗಳ ವರ್ಣನೆಯಿದೆ. ಆಕಾರದಲ್ಲಿ ಅವು ಬೇರೆ ಬೆಕ್ಕುಗಳಂತೆಯೇ. ಚೆಲುವೆಲ್ಲ ಬಣ್ಣದಲ್ಲಿ, ಕೂದಲಿನಲ್ಲಿ. ಪಟ್ಟೆಯಾಗಲಿ ಮಚ್ಚೆಯಾಗಲಿ ಇಲ್ಲದ ಬೂದು ಬಣ್ಣ, ರೇಷ್ಮೆಯಂತಹ ಮೃದು ಕೂದಲು, ಅಳಿಲಿನಂತೆ ಬೆನ್ನ ಮೇಲೆ ಎತ್ತಿಕೊಳ್ಳುವ ಪೊದೆಬಾಲ. ಇಂತಹ ನಾಲ್ಕು ಜೋಡಿಗಳನ್ನು ರೋಮ್‌ಗೆ ಒಯ್ಯುವ ಉದ್ದೇಶ ತನಗಿದೆ ಎಂದೂ ಆತ ತಿಳಿಸುತ್ತಾನೆ. ನಮಗೆ ಮುಖ್ಯವಾದ ಮಾತು ಇನ್ನೊಂದು. ಈ ಬೆಕ್ಕುಗಳನ್ನು ಪೋರ್ಚುಗೀಸರು ಆಗಲೇ ಪರ್ಷಿಯಾದಿಂದ ಭಾರತಕ್ಕೆ ಒಯ್ದಿದ್ದರು ಎಂಬುದನ್ನು ಆತ ದಾಖಲಿಸಿದ್ದಾನೆ. ಮುಂದೆ 18ನೆಯ ಶತಮಾನದಲ್ಲಿ ಫ್ರಾನ್ಸ್‌ನ ಪ್ರಕೃತಿ ವಿಜ್ಞಾನಿ ಬ್ಯುಫೋನ್ ತನ್ನ ಬೃಹತ್ ಗ್ರಂಥದಲ್ಲಿ ಇದನ್ನೇ ಎತ್ತಿ ಹೇಳಿದ.

ಅಂದರೆ, ಉದ್ದ ಕೂದಲಿನ ಬೆಕ್ಕು ನಮ್ಮ ನಾಡಿನ ನೆರೆಗೆ ನಿನ್ನೆ ಮೊನ್ನೆ ಬಂದದ್ದಲ್ಲ. ನಾಲ್ಕು ನೂರು ವರ್ಷಗಳ ಹಿಂದೆಯೇ ಪೋರ್ಚುಗೀಸರ ಹಡಗುಗಳಲ್ಲಿ ಬಂದಿತ್ತು. ಭಾರತದಲ್ಲಿ ಆ ಹಡಗುಗಳ ಮುಖ್ಯ ನೆಲೆ ಗೋವಾ.

ದೆಲ್ಲಾ ವಾಲ್ಲೆಯ ಮುಂದಿನ ಬದುಕು ಸುಖದ್ದಲ್ಲ. 1621ರ ಕೊನೆಯಲ್ಲಿ ಹೆಂಡತಿ ಮಾನಿ ಜ್ವರದಿಂದ ತೀರಿಕೊಂಡಳು. ಆಕೆಯ ದೇಹವನ್ನು ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟುಕೊಂಡೇ ಆತ ಪ್ರಯಾಣ ಮುಂದುವರಿಸಿದ. 1623ರ ಆರಂಭದಲ್ಲಿ ಸೂರತ್ತಿಗೆ, ಅಲ್ಲಿಂದ ಗೋವಾಕ್ಕೆ ಬಂದ. ಅದೇ ವರ್ಷದ ಕೊನೆಯಲ್ಲಿ ಪೋರ್ಚುಗೀಸ್ ರಾಯಭಾರಿಯೊಬ್ಬನ ಜತೆ ಹೊನ್ನಾವರ, ಗೇರುಸೊಪ್ಪೆ ಮಾರ್ಗವಾಗಿ ಘಟ್ಟ ಹತ್ತಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದ. ಆ ದಾರಿಯಲ್ಲಿ ದೇವಾಲಯವೊಂದರ ಜಗುಲಿಯಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಆತ ಬರೆದಿಟ್ಟದ್ದು ನಮ್ಮ ಶಿಕ್ಷಣದ ಇತಿಹಾಸಕಾರರಿಗೆ ಚಿರಪರಿಚಿತ. ಕರಾವಳಿಗೆ ಇಳಿದ ಮೇಲೆ ಉಳ್ಳಾಲದ ರಾಣಿಯನ್ನೂ ಕಂಡ. 1626ರಲ್ಲಿ ರೋಮ್ ಮುಟ್ಟಿದ ಆತ ಹೆಂಡತಿಯ ದೇಹವನ್ನು ಅಲ್ಲಿಯೇ ಸಮಾಧಿ ಮಾಡಿದ.

ಬೆಕ್ಕಿನ ಬಾಲದ ಕೂದಲನ್ನೂ ಮಕ್ಕಳ ಮರಳ ಲೆಕ್ಕವನ್ನೂ ಒಂದೇ ಶ್ರದ್ಧೆಯಿಂದ ಬರೆದಿಟ್ಟ ಈ ಪ್ರವಾಸಿಯ ದೆಸೆಯಿಂದ ಒಂದು ಒಳ್ಳೆಯ ಪ್ರಶ್ನೆ ನಮ್ಮ ಮುಂದಿದೆ. ಪೋರ್ಚುಗೀಸರು ಅದೇ ಕಾಲದಲ್ಲಿ ಇನ್ನೂ ಏನೇನನ್ನೋ ತಂದರು. ಅಮೆರಿಕ ಖಂಡದ ಮೆಣಸಿನಕಾಯಿ 16ನೆಯ ಶತಮಾನದಲ್ಲಿ ಅವರ ಮೂಲಕವೇ ನಮ್ಮ ಪಶ್ಚಿಮ ಕರಾವಳಿಗೆ ಬಂತು. ಅದು ಘಟ್ಟ ಹತ್ತಿ ಬಂದು, ನಮ್ಮ ನೆಲಕ್ಕೆ ಒಗ್ಗಿ, ಬ್ಯಾಡಗಿಯ ಹೆಸರನ್ನೇ ಹೊತ್ತು, 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆಯಿತು. ಪರಊರಿನ ಮೆಣಸಿನಕಾಯಿ ಇಲ್ಲಿ ಬೇರೂರಿತು. ಪರಊರಿನ ಬೆಕ್ಕಿನ ಕೂದಲು ಮಾತ್ರ ಏಕೆ ಬೇರೂರಲಿಲ್ಲ?

ಸಾಕು ಎನ್ನುವ ವಂಶವಾಹಿ

ಉತ್ತರ ವಿಜ್ಞಾನಿಗಳಿಗೆ ದೊರೆತದ್ದು 2007ರಲ್ಲಿ. ಬೆಕ್ಕಿನ ಪ್ರತಿಯೊಂದು ಕೂದಲೂ ಒಂದಷ್ಟು ದಿನ ಬೆಳೆಯುತ್ತದೆ, ನಿಲ್ಲುತ್ತದೆ, ಉದುರುತ್ತದೆ. ಬೆಳೆದದ್ದು ಸಾಕು ಎಂದು ಸೂಚನೆ ಕೊಡುವ ಒಂದು ವಂಶವಾಹಿ ಇದೆ. ಅದರ ಹೆಸರು ಎಫ್‌ಜಿಎಫ್–5. ಅದು ಕೆಟ್ಟರೆ ಸೂಚನೆ ತಡವಾಗುತ್ತದೆ, ಕೂದಲು ಬೆಳೆಯುತ್ತಲೇ ಹೋಗುತ್ತದೆ. ಈ ವಂಶವಾಹಿ ನಾಲ್ಕು ಬೇರೆ ಬೇರೆ ರೀತಿಗಳಲ್ಲಿ ಕೆಟ್ಟಿರುವುದನ್ನು ಸಂಶೋಧಕರು ಗುರುತಿಸಿದರು. ಅವುಗಳಲ್ಲಿ ಒಂದು ಪರ್ಷಿಯನ್ ಮತ್ತಿತರ ಅನೇಕ ತಳಿಗಳಲ್ಲಿದೆ. ಇನ್ನೊಂದು ಕಂಡುಬಂದದ್ದು ಮೇನ್ ಕೂನ್ ತಳಿಯಲ್ಲಿ.

ಪ್ರತಿ ಮರಿಗೂ ಈ ವಂಶವಾಹಿಯ ಎರಡು ಪ್ರತಿಗಳು ಬರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಎರಡರಲ್ಲಿ ಒಂದು ಸರಿಯಾಗಿದ್ದರೂ ಸಾಕು, ಕೂದಲು ಗಿಡ್ಡವಾಗಿಯೇ ಇರುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ಉದ್ದ ಕೂದಲು. ಹೀಗಾಗಿ ಉದ್ದ ಕೂದಲಿನ ಬೆಕ್ಕೊಂದು ಓಣಿಯ ಅಪ್ಪಟ ಗಿಡ್ಡ ಕೂದಲಿನ ಬೆಕ್ಕಿನೊಂದಿಗೆ ಕೂಡಿದರೆ ಹುಟ್ಟುವ ಮರಿಗಳೆಲ್ಲ ಗಿಡ್ಡ ಕೂದಲಿನವೇ. ಅಂತಹ ಎರಡು ಮರಿಗಳು ದೊಡ್ಡವಾಗಿ ಕೂಡಿದರೂ ನಾಲ್ಕರಲ್ಲಿ ಒಂದಕ್ಕೆ ಮಾತ್ರ ಉದ್ದ ಕೂದಲು ಬರುವ ಸಂಭವ. ಸಾವಿರಾರು ಗಿಡ್ಡ ಕೂದಲಿನ ಬೆಕ್ಕುಗಳ ನಡುವೆ ಹಡಗಿನಿಂದಿಳಿದ ಬೆರಳೆಣಿಕೆಯ ಬೆಕ್ಕುಗಳ ಗುಣ ಕಣ್ಮರೆಯಾಗುವುದು ಸಹಜವೇ.

ಹವೆಯೂ ಆ ಕೂದಲಿನ ಪರವಾಗಿರಲಿಲ್ಲ. ಚಳಿಗಾಲದಲ್ಲಿ ಹಿಮ ಬೀಳುವ ಎತ್ತರದ ಪ್ರದೇಶಗಳಲ್ಲಿ ಕಂಬಳಿಯಾಗುವ ಕೂದಲು, ಏಪ್ರಿಲ್‌ನಲ್ಲಿ ಉಷ್ಣತೆ 38 ಡಿಗ್ರಿ ದಾಟುವ ಬಯಲುಸೀಮೆಯಲ್ಲಿ ಹೊರೆ. ಮೆಣಸಿನ ಬೀಜವನ್ನು ರೈತ ವರ್ಷವರ್ಷವೂ ಆರಿಸಿ ಬಿತ್ತಿದ. ಬೆಕ್ಕಿನ ಕೂದಲನ್ನು ಆರಿಸಿ ಉಳಿಸುವ ಅಗತ್ಯ ನಮ್ಮಲ್ಲಿ ಯಾರಿಗೂ ಬೀಳಲಿಲ್ಲ. ಇಲಿ ಹಿಡಿಯಲು ಗಿಡ್ಡ ಕೂದಲೇ ಸಾಕಾಗಿತ್ತು.

ಕಾಬೂಲಿನ ಬೆಕ್ಕು, ಪರ್ಷಿಯದ ಹೆಸರು

ಆದರೂ ಉದ್ದ ಕೂದಲಿನ ಬೆಕ್ಕುಗಳು ಭಾರತಕ್ಕೆ ಮತ್ತೆ ಮತ್ತೆ ಬಂದವು. ಈ ಬಾರಿ ಹಡಗಿನಲ್ಲಲ್ಲ, ಉತ್ತರದಿಂದ ನೆಲದ ದಾರಿಯಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಅಫ್ಘನ್ ದೊರೆಯ ಬಳಿಗೆ 1808–09ರಲ್ಲಿ ರಾಯಭಾರಿಯಾಗಿ ಹೋಗಿದ್ದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ 1815ರಲ್ಲಿ ಕಾಬೂಲ್ ರಾಜ್ಯದ ಬಗ್ಗೆ ಪುಸ್ತಕ ಪ್ರಕಟಿಸಿದ. ಅಲ್ಲಿನ ಉದ್ದ ಕೂದಲಿನ ಬೆಕ್ಕುಗಳು ದೊಡ್ಡ ಸಂಖ್ಯೆಯಲ್ಲಿ ಹೊರದೇಶಗಳಿಗೆ ಹೋಗುತ್ತವೆ, ಎಲ್ಲೆಡೆ ಅವುಗಳನ್ನು ಪರ್ಷಿಯನ್ ಬೆಕ್ಕು ಎನ್ನುತ್ತಾರೆ, ಆದರೆ ಪರ್ಷಿಯಾದಲ್ಲಿ ಅವು ಹೆಚ್ಚಾಗಿಲ್ಲ ಎಂದು ಆತ ಅದರಲ್ಲಿ ಹೇಳಿದ್ದಾನೆ. ಹೆಸರು ಒಂದು ಊರಿನದು, ಸರಕು ಇನ್ನೊಂದು ಊರಿನದು. ಪೇಟೆ ವ್ಯವಹಾರ ಬಲ್ಲ ನಮ್ಮವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಇದೇ ಎಲ್ಫಿನ್‌ಸ್ಟನ್ ನಮಗೂ ಅಪರಿಚಿತನಲ್ಲ. 1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡಾಗ ಅವನಿಂದ ಗೆದ್ದುಕೊಂಡ ಪ್ರದೇಶದ ಆಡಳಿತವನ್ನು ವಹಿಸಿಕೊಂಡವನು ಆತ. 1819ರಿಂದ 1827ರವರೆಗೆ ಮುಂಬಯಿ ಪ್ರಾಂತದ ಗವರ್ನರ್ ಆಗಿದ್ದ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಿದ್ದ ಧಾರವಾಡ ಸೀಮೆ 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೂ ಮುಂಬಯಿ ಆಡಳಿತಕ್ಕೇ ಸೇರಿತ್ತು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಬಹುಮಾನಕ್ಕಾಗಿ ಬೆಳೆಸಿದ ಕೂದಲು

ಬೆಕ್ಕಿನ ಚರಿತ್ರೆಯಲ್ಲಿ ದೊಡ್ಡ ತಿರುವು 1871ರ ಜುಲೈ 13. ಅಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಚಿತ್ರಕಾರ ಹ್ಯಾರಿಸನ್ ವೇರ್ ಏರ್ಪಡಿಸಿದ ಬೆಕ್ಕುಗಳ ಪ್ರದರ್ಶನ ನಡೆಯಿತು. ಬೆಕ್ಕಿಗೂ ಬಹುಮಾನ ಬಂತು. ಬಹುಮಾನ ಬಂದ ಮೇಲೆ ಅಳತೆಗಳು ಬಂದವು. ತಳಿ ಬೆಳೆಸುವವರು ಉದ್ದ ಕೂದಲಿನ ಬೆಕ್ಕುಗಳಲ್ಲಿ ಇನ್ನೂ ಉದ್ದ ಕೂದಲಿನವನ್ನು, ದುಂಡು ಮುಖದವುಗಳಲ್ಲಿ ಇನ್ನೂ ಚಪ್ಪಟೆ ಮುಖದವನ್ನು ಆರಿಸುತ್ತ ಹೋದರು. ಇಂದು ನಾವು ಕಾಣುವ ಚಪ್ಪಟೆ ಮೂಗಿನ ಪರ್ಷಿಯನ್, ದೆಲ್ಲಾ ವಾಲ್ಲೆ ಕಂಡ ಖೊರಾಸಾನ್ ಬೆಕ್ಕಲ್ಲ. ಅದು ಕಳೆದ ಒಂದೂವರೆ ಶತಮಾನದ ಆಯ್ಕೆಯ ಫಲ.

ಮೇನ್ ಕೂನ್ ಕಥೆ ಸ್ವಲ್ಪ ಬೇರೆ. ಇದು ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದ ಹೊಲಮನೆಗಳ ಬೆಕ್ಕು. ರ್‍ಯಾಕೂನ್ ಎಂಬ ಕಾಡುಪ್ರಾಣಿಗೂ ಬೆಕ್ಕಿಗೂ ಹುಟ್ಟಿದ್ದು ಎಂಬ ಕಟ್ಟುಕಥೆಯಿಂದ ಕೂನ್ ಎಂಬ ಹೆಸರು ಬಂತೆನ್ನುತ್ತಾರೆ. ಅಂತಹ ಮಿಶ್ರಸಂತಾನ ಜೀವಶಾಸ್ತ್ರದ ಪ್ರಕಾರ ಅಸಾಧ್ಯ. ಅಲ್ಲಿನ ದೀರ್ಘ ಚಳಿಗಾಲವೇ ಅದರ ಕೂದಲಿಗೆ, ಬೆರಳುಗಳ ನಡುವಿನ ಕೂದಲಿನ ಕುಚ್ಚಿಗೆ ಕಾರಣವೆನ್ನಬಹುದು. 1895ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಈ ಜಾತಿಯ ಕೋಸಿ ಎಂಬ ಬೆಕ್ಕು ಮೊದಲ ಬಹುಮಾನ ಗೆದ್ದಿತು. ಬಳಿಕ ಪರ್ಷಿಯನ್ ಬೆಕ್ಕಿನ ಭರಾಟೆಯಲ್ಲಿ ಜನ ಅದನ್ನು ಮರೆತರು. 20ನೆಯ ಶತಮಾನದ ನಡುವಿನಲ್ಲಿ ಅಭಿಮಾನಿಗಳು ಮತ್ತೆ ಎತ್ತಿ ಹಿಡಿದರು. 1985ರಲ್ಲಿ ಮೇನ್ ರಾಜ್ಯ ಅದನ್ನು ತನ್ನ ರಾಜ್ಯದ ಬೆಕ್ಕೆಂದು ಘೋಷಿಸಿತು. ಹೊಲಮನೆಯಲ್ಲಿ ಇಲಿ ಹಿಡಿದು ಬದುಕಿದ ಕುಲವಾದ್ದರಿಂದ ಅದರ ಕೂದಲು ಪರ್ಷಿಯನ್ನಿನಷ್ಟು ಬೇಗ ಗಂಟುಗಟ್ಟುವುದಿಲ್ಲ. ಆದರೂ ಬಾಚದೆ ಬಿಡುವ ಹಾಗಿಲ್ಲ.

ನಾಲಗೆ ಎಂಬ ಬಾಚಣಿಗೆ

ಬಾಚಬೇಕು ಏಕೆ ಎಂಬುದನ್ನು ತಿಳಿಯಲು ಬೆಕ್ಕಿನ ನಾಲಗೆ ನೋಡಬೇಕು. ಬೆಕ್ಕು ಕೈ ನೆಕ್ಕಿದಾಗ ಮರಳಿನ ಕಾಗದ ಉಜ್ಜಿದಂತಾಗುವುದು ಸಾಕಿದವರಿಗೆಲ್ಲ ಗೊತ್ತು. ನಾಲಗೆಯ ಮೇಲೆ ಗಂಟಲ ಕಡೆ ಬಾಗಿದ ನೂರಾರು ಸಣ್ಣ ಮುಳ್ಳುಗಳಿವೆ. 2018ರಲ್ಲಿ ಅಮೆರಿಕದ ಜಾರ್ಜಿಯಾ ತಾಂತ್ರಿಕ ಸಂಸ್ಥೆಯ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹೂ ಇವುಗಳ ತುದಿ ಚಮಚದಂತೆ ಟೊಳ್ಳಾಗಿದೆ ಎಂಬುದನ್ನು ತೋರಿಸಿದರು. ಆ ಟೊಳ್ಳಿನಲ್ಲಿ ಜೊಲ್ಲು ತುಂಬಿಕೊಂಡು, ಕೂದಲ ಬುಡದವರೆಗೂ ಇಳಿದು, ಚರ್ಮವನ್ನು ತೇವಗೊಳಿಸುತ್ತದೆ. ಬೆಕ್ಕಿಗೆ ಬೆವರುವುದು ಪಾದದ ಅಡಿಯಲ್ಲಿ ಮಾತ್ರ. ಆದ್ದರಿಂದ ನೆಕ್ಕಿಕೊಳ್ಳುವುದು ಸ್ನಾನವಷ್ಟೇ ಅಲ್ಲ, ಬೇಸಿಗೆಯಲ್ಲಿ ಅದೇ ಬೀಸಣಿಗೆ. ಮೈ ತಂಪಾಗಿಡಲು ಬೇಕಾದುದರಲ್ಲಿ ಕಾಲು ಭಾಗದವರೆಗೆ ಈ ಜೊಲ್ಲು ಆರುವುದರಿಂದಲೇ ದೊರೆಯಬಲ್ಲದು.

ಇದೇ ಅಧ್ಯಯನದ ಇನ್ನೊಂದು ಅಂಶ ನಮ್ಮ ವಿಷಯಕ್ಕೆ ತೀರ ಮುಖ್ಯ. ಹುಲಿ, ಸಿಂಹ, ಹಿಮಚಿರತೆಗಳಿಂದ ಹಿಡಿದು ಮನೆಯ ಬೆಕ್ಕಿನವರೆಗೆ ನಾಲಗೆಯ ಮುಳ್ಳು ಕೂದಲನ್ನು ಒತ್ತಿ ಚರ್ಮ ಮುಟ್ಟಬಲ್ಲದು. ಪರ್ಷಿಯನ್ ಬೆಕ್ಕಿನದು ಮಾತ್ರ ಮುಟ್ಟಲಾರದು. ಮನುಷ್ಯ ಬೆಳೆಸಿದ ಕೂದಲು ಬೆಕ್ಕಿನ ನಾಲಗೆಯ ಅಳತೆಯನ್ನು ದಾಟಿಬಿಟ್ಟಿದೆ. ಎಷ್ಟು ನೆಕ್ಕಿಕೊಂಡರೂ ಬುಡದ ಕೂದಲು ಸಿಕ್ಕಾಗುತ್ತದೆ, ಸಿಕ್ಕು ಗಂಟಾಗುತ್ತದೆ, ಗಂಟು ಚರ್ಮವನ್ನು ಎಳೆಯುತ್ತದೆ. ಕೆಳಗೆ ಗಾಳಿಯಾಡದೆ ಹುಣ್ಣಾಗುತ್ತದೆ. ನುಂಗಿದ ಕೂದಲು ಹೊಟ್ಟೆಯಲ್ಲಿ ಉಂಡೆ ಕಟ್ಟುತ್ತದೆ.

ಹಳೆಯ ಕರಾರು ಮುರಿದ ಜಾಗ ಇದು. ಗೋದಾಮಿನ ಬೆಕ್ಕು ತಾನೇ ಮಾಡಿಕೊಳ್ಳುವ ಕೆಲಸವನ್ನು ಇಲ್ಲಿ ಮನುಷ್ಯ ಮಾಡಬೇಕು. ದಿನಕ್ಕೆ ಹತ್ತು ನಿಮಿಷ ಎಂದಿಟ್ಟುಕೊಳ್ಳಿ. ಬೆಕ್ಕಿನ ಆಯುಷ್ಯ 12 ವರ್ಷ ಎಂದರೂ ಒಟ್ಟು 730 ಗಂಟೆ. ಒಂದು ತಿಂಗಳು ಹಗಲು ರಾತ್ರಿ ಬಾಚಿದಷ್ಟಾಯಿತು! ಮರಿ ಕೊಳ್ಳುವ ದಿನ ಕೊಟ್ಟ ಹಣ ಈ ಲೆಕ್ಕದ ಮುಂದೆ ಸಣ್ಣದು.

ನಮ್ಮ ಬಿಸಿಲು, ನಮ್ಮ ಅಡುಗೆಮನೆ

ನಮ್ಮ ಮೂರು ಊರುಗಳಲ್ಲಿ ಈ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ಹಿತ್ತಲಿಗೆ ಹೋಗಿ ಬಂದರೆ ಉತ್ತರಾಣಿಯ ಮುಳ್ಳು ಮೈತುಂಬ. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯ ಗಾಳಿಯಲ್ಲೇ ಘಾಟು ಇರುತ್ತದೆ. ನೆಲಕ್ಕೆ ತಾಗುವ ಕೂದಲು ಆ ಧೂಳನ್ನೆಲ್ಲ ಗುಡಿಸಿಕೊಂಡು ಬರುತ್ತದೆ. ಬೆಕ್ಕು ಅದನ್ನು ನೆಕ್ಕಿ ನುಂಗುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಅದನ್ನು ಕೂಡಿಹಾಕುವುದು ಅಪಾಯ. ತಂಪಾದ ನೆಲ, ಗಾಳಿ, ಸದಾ ನೀರು ಇರಬೇಕು. ಬೆಕ್ಕು ಬಾಯಿ ತೆರೆದು ಏದುಸಿರು ಬಿಡತೊಡಗಿದರೆ ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಚಪ್ಪಟೆ ಮೂಗಿನ ಬೆಕ್ಕಿಗೆ ಉಸಿರಾಟವೇ ಕಷ್ಟವಾದ್ದರಿಂದ ಬಿಸಿಲು ಇನ್ನೂ ಹೆಚ್ಚು ತಟ್ಟುತ್ತದೆ. ಗಂಟಾದ ಕೂದಲನ್ನು ಕತ್ತರಿಯಿಂದ ಮನೆಯಲ್ಲೇ ಕತ್ತರಿಸಹೋಗಬಾರದು. ಬೆಕ್ಕಿನ ಚರ್ಮ ತೆಳು. ಗಂಟಿನ ಜತೆಗೇ ಎದ್ದುಬಂದು ಕತ್ತರಿಗೆ ಸಿಗುತ್ತದೆ.

ಇದಕ್ಕಿಂತ ಗುಟ್ಟಾಗಿ ಕೊಲ್ಲುವುದು ಆಹಾರ. ನಮ್ಮಲ್ಲಿ ಸಸ್ಯಾಹಾರಿ ಮನೆಗಳು ಬಹಳ. ಬೆಕ್ಕಿಗೆ ಹಾಲು-ಅನ್ನ ಅಥವಾ ಹಾಲಿನಲ್ಲಿ ನೆನೆಸಿದ ರೊಟ್ಟಿ ಹಾಕುವುದು ಅಜ್ಜಿಯರ ಕಾಲದಿಂದ ಬಂದ ರೂಢಿ. ಹಾಲು-ರೊಟ್ಟಿ ತಿಂದೂ ಆ ಕಾಲದ ಬೆಕ್ಕುಗಳು ಗಟ್ಟಿಮುಟ್ಟಾಗಿದ್ದವಲ್ಲ ಎಂದು ಯಾರಾದರೂ ಕೇಳಬಹುದು. ಅವು ಇಲಿಯನ್ನೂ ತಿನ್ನುತ್ತಿದ್ದವು ಎಂಬುದೇ ಉತ್ತರ. ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಟಾರೀನ್ ಎಂಬ ವಸ್ತು ಬೇಕು. ಅದು ಮಾಂಸದಲ್ಲಿದೆ, ಕಾಳುಕಡಿಯಲ್ಲಿಲ್ಲ. ಬೆಕ್ಕಿನ ದೇಹ ಅದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಟಾರೀನ್ ಇಲ್ಲದ ಬೆಕ್ಕಿನ ಕಣ್ಣಿನ ಪರದೆ ಹಾಳಾಗುತ್ತದೆ ಎಂಬುದು 1975ರಲ್ಲೂ, ಹೃದಯ ದುರ್ಬಲವಾಗುತ್ತದೆ ಎಂಬುದು 1987ರಲ್ಲೂ ವೈಜ್ಞಾನಿಕವಾಗಿ ಪ್ರಕಟವಾಯಿತು. ಬಾಗಿಲು ಮುಚ್ಚಿದ ಮನೆಯ ದುಬಾರಿ ಬೆಕ್ಕಿಗೆ ಇಲಿ ಸಿಗುವುದಿಲ್ಲ. ಹಾಲು-ಅನ್ನದ ಮೇಲೆಯೇ ಬೆಳೆದರೆ ಮೇಲೆ ಕೂದಲು ಮೆರೆಯುತ್ತಿರುವಾಗಲೇ ಒಳಗೆ ಕಣ್ಣು ಮಂಜಾಗುತ್ತಿರಬಹುದು. ಮನೆಯವರು ಸಸ್ಯಾಹಾರಿಗಳಾಗಿರಬಹುದು, ಬೆಕ್ಕು ಆಗಲಾರದು. ಮಾಂಸ, ಮೀನು ಮನೆಯೊಳಗೆ ಬೇಡವೆನ್ನುವವರು ಟಾರೀನ್ ಇರುವ ಸಿದ್ಧ ಆಹಾರದ ಖರ್ಚನ್ನಾದರೂ ಲೆಕ್ಕಕ್ಕೆ ಹಿಡಿಯಬೇಕು. ಅದೂ ಮಾಂಸದಿಂದಲೇ ಮಾಡಿದ್ದು ಎಂಬುದನ್ನು ಒಪ್ಪಿಕೊಳ್ಳಬೇಕು.

ತಳಿಯ ಜತೆಗೆ ಬರುವ ಕಾಯಿಲೆಗಳೂ ಇವೆ. ಪರ್ಷಿಯನ್ ಬೆಕ್ಕುಗಳಲ್ಲಿ ಮೂತ್ರಪಿಂಡದ ತುಂಬ ನೀರ್ಗುಳ್ಳೆಯೇಳುವ ವಂಶಪಾರಂಪರ್ಯದ ರೋಗಕ್ಕೆ ಕಾರಣವಾದ ದೋಷ 2004ರಲ್ಲಿ ಪತ್ತೆಯಾಯಿತು. ಮೇನ್ ಕೂನ್‌ಗಳಲ್ಲಿ ಹೃದಯದ ಸ್ನಾಯು ದಪ್ಪವಾಗುವ ರೋಗದ ಒಂದು ದೋಷ 2005ರಲ್ಲಿ ತಿಳಿದುಬಂತು. ಎರಡಕ್ಕೂ ಪರೀಕ್ಷೆಗಳಿವೆ. ತಂದೆ ತಾಯಿ ಬೆಕ್ಕುಗಳ ಪರೀಕ್ಷೆಯಾಗಿದೆಯೇ ಎಂದು ಮಾರುವವರನ್ನು ಕೇಳುವ ಹಕ್ಕು ಕೊಳ್ಳುವವರಿಗಿದೆ.

ತೆನಾಲಿಯ ಬೆಕ್ಕಿನ ಕಡೆಯಿಂದ

ಮರಿಯಾಗಿದ್ದಾಗ ಮುದ್ದು, ಗಂಟುಗಟ್ಟಿದಾಗ ಗೋಳು. ಬೇಸರ ಬಂದ ಮೇಲೆ ಚೀಲದಲ್ಲಿ ಹಾಕಿ ಊರಾಚೆ ಬಿಟ್ಟುಬರುವ ಚಾಳಿ ನಾಯಿ ಬೆಕ್ಕುಗಳ ವಿಷಯದಲ್ಲಿ ಹಳೆಯದು. ಓಣಿಯ ಬೆಕ್ಕು ಹಾಗೆ ಬಿಟ್ಟರೂ ಹೇಗೋ ಬದುಕೀತು. ಉದ್ದ ಕೂದಲಿನ ಬೆಕ್ಕಿಗೆ ಆ ಅವಕಾಶವೂ ಕಡಿಮೆ. ಅದರ ಮೈಯನ್ನು ಅದು ಕಾಪಾಡಿಕೊಳ್ಳಲಾರದು. ಹಸಿವು, ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಅಪರಾಧ. ಆದರೆ ಮೊದಲ ಸಲದ ತಪ್ಪಿಗೆ ಕಾಯ್ದೆ ಹೇಳುವ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಈ ದಂಡಕ್ಕೆ ಹೆದರುವವರು ಯಾರು? ಆದ್ದರಿಂದ ಕಾಯಬೇಕಾದದ್ದು ಕಾಯ್ದೆಗಿಂತ ಹೆಚ್ಚಾಗಿ ಮನೆಯವರ ವಿವೇಕ.

ವಿಜಯನಗರದ ಕಾಲದ್ದೆಂದು ಹೇಳುವ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮಗೆಲ್ಲ ಗೊತ್ತು. ಊರಿನಲ್ಲಿ ಇಲಿಗಳು ಹೆಚ್ಚಿದಾಗ ಅರಸ ಮನೆಗೊಂದು ಬೆಕ್ಕು ಕೊಟ್ಟ, ಅದರ ಹಾಲಿಗೆಂದು ಒಂದು ಹಸುವನ್ನೂ ಕೊಟ್ಟ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟು ಬೆಕ್ಕಿನ ಬಾಯಿ ಸುಡಿಸಿದ. ಅಂದಿನಿಂದ ಅದು ಹಾಲು ಕಂಡರೆ ಓಡತೊಡಗಿತು. ಹಾಲೆಲ್ಲ ಅವನ ಪಾಲಾಯಿತು. ನಾವು ಅವನ ಚಾತುರ್ಯಕ್ಕೆ ನಗುತ್ತೇವೆ. ಬೆಕ್ಕಿನ ಕಡೆಯಿಂದ ನೋಡಿದರೆ ಕಥೆ ಬೇರೆ. ಅರಸನ ಲೆಕ್ಕದ ಪುಸ್ತಕದಲ್ಲಿ ಆ ಬೆಕ್ಕು ಇತ್ತು, ಅದರ ಹಸುವೂ ಇತ್ತು. ಬೆಕ್ಕು ಮಾತ್ರ ಬಡಕಲಾಗುತ್ತ ಹೋಯಿತು.

ದೊಡ್ಡ ಕೂದಲಿನ ಬೆಕ್ಕನ್ನು ಸಾಕಬಾರದು ಎಂದು ಹೇಳಲು ಇದೆಲ್ಲವನ್ನೂ ಬರೆದದ್ದಲ್ಲ. ಮೇನ್ ಕೂನ್ ಸೌಮ್ಯ ಸ್ವಭಾವದ ಪ್ರಾಣಿ, ಮಕ್ಕಳೊಂದಿಗೆ ಹೊಂದಿಕೊಳ್ಳುತ್ತದೆ. ದಿನದ ಬಾಚಣಿಗೆಯನ್ನೇ ಸ್ನೇಹದ ಹೊತ್ತೆಂದು ಎಣಿಸುವವರ ಮನೆಯಲ್ಲಿ ಅದು ಸುಖವಾಗಿರುತ್ತದೆ. ಆದರೆ ಮರಿಗೆ ಮುಂಗಡ ಕೊಡುವ ಮೊದಲು ಮನೆಯವರೆಲ್ಲ ಕುಳಿತು ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು: ಹನ್ನೆರಡು ವರ್ಷ ದಿನವೂ ಬಾಚುವವರು ಯಾರು? ಒಂದು ಹೆಸರು ಖಚಿತವಾಗಿ ಬಂದರೆ ಬೆಕ್ಕು ತರಬಹುದು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡತೊಡಗಿದರೆ, ಪೇಟೆಯ ಗೋದಾಮಿನಲ್ಲಿ ಹುಟ್ಟಿದ ಗಿಡ್ಡ ಕೂದಲಿನ ಮರಿಯೊಂದನ್ನು ಕೇಳಿ ತರುವುದು ಲೇಸು. ಅದಕ್ಕೂ ಹೊಟ್ಟೆಗೆ ಸರಿಯಾದುದನ್ನು ಹಾಕಬೇಕು, ಲಸಿಕೆ ಹಾಕಿಸಬೇಕು. ತಲೆ ಬಾಚುವ ಕೆಲಸವನ್ನು ಮಾತ್ರ ಅದು ತಾನೇ ನೋಡಿಕೊಳ್ಳುತ್ತದೆ.